ಜೀರುಂಡೆ ಹೇಳಿದ ಬೆಲೆ

ಪೂರ್ತಿ ಬೆಲೆ ಕೊಟ್ಟು ಪುಸ್ತಕ ಕೊಳ್ಳುವವರನ್ನು ಕಂಡರೆ ಝೆನೊನ್ ಗಾವ್ಲಿಕ್‌ಗೆ ಮರುಕ ಬರುತ್ತಿತ್ತು. ಕೋಪವಲ್ಲ, ಮರುಕವೇ. ಕೈಯಲ್ಲಿ ಛತ್ರಿ ಇಟ್ಟುಕೊಂಡೂ ಬಿಚ್ಚದೆ ನೆನೆಯುತ್ತ ಹೋಗುವವರನ್ನು ನೋಡಿದರೆ ನಮಗೆಲ್ಲ ಬರುತ್ತದಲ್ಲ, ಅಂಥದ್ದು.

ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣದಲ್ಲಿ ದುಡಿದು ನಿವೃತ್ತನಾದ ಮೇಲೆ, ರಾದೋಮ್ ಊರಿನ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಅವನು ಮಾಡುತ್ತಿದ್ದುದು ಒಂದೇ ಕೆಲಸ. ಇ-ಪುಸ್ತಕಗಳ ಬೆಲೆ ಕಾಯುವುದು. ನಮ್ಮಲ್ಲಿ ಇ-ಪುಸ್ತಕ ಮಾರುವ ಆನ್‌ಲೈನ್ ಅಂಗಡಿಗಳು ಹತ್ತಾರಿವೆ. ಒಂದೇ ಪುಸ್ತಕ ಒಂದು ಕಡೆ ಮೂವತ್ತೈದು ಝ್ಲೋಟಿ ಇದ್ದರೆ ಇನ್ನೊಂದು ಕಡೆ ಇಪ್ಪತ್ತೆರಡು, ನಾಳೆ ಬೆಳಗಾದರೆ ಎಲ್ಲ ತಿರುಗುಮುರುಗು. ಈ ಬೆಲೆಗಳನ್ನೆಲ್ಲ ಅಗ್ಗದ್ದು ಮೇಲೆ, ದುಬಾರಿಯದು ಕೆಳಗೆ ಎಂದು ಸಾಲಾಗಿ ಜೋಡಿಸಿ ತೋರಿಸುವ ಒಂದು ವೆಬ್‌ಸೈಟಿದೆ. ನಮಗೆ ಬೇಕಾದ ಬೆಲೆಯನ್ನು ಅಲ್ಲಿ ಗುರುತು ಹಾಕಿಟ್ಟರೆ, ಪುಸ್ತಕ ಅಷ್ಟಕ್ಕೆ ಇಳಿದ ತಕ್ಷಣ ಫೋನಿಗೆ ಸುದ್ದಿ ಬರುತ್ತದೆ. ಆ ಸುದ್ದಿಗೆ ಝೆನೊನ್ ಹುಂಜದ ಕೂಗು ಇಟ್ಟುಕೊಂಡಿದ್ದ. ಬೆಳಿಗ್ಗೆ ಬಚ್ಚಲಲ್ಲಿ, ಚರ್ಚಿನಲ್ಲಿ, ದಂತವೈದ್ಯರ ಕುರ್ಚಿಯಲ್ಲಿ, ಎಲ್ಲೆಂದರಲ್ಲಿ ಆ ಹುಂಜ ಕೂಗಿಬಿಡುತ್ತಿತ್ತು. ಮೆಟ್ಟಿಲಲ್ಲಿ ಎದುರಾದವರು, "ಏನು ಪಾನ್ ಝೆನೊನ್, ಇವತ್ತು ಹುಂಜ ಮೊಟ್ಟೆ ಇಡ್ತಾ?" ಎಂದು ಕಿಚಾಯಿಸುತ್ತಿದ್ದರು. ನಮ್ಮಲ್ಲಿ ಮರ್ಯಾದೆಗೆ ಗಂಡಸರ ಹೆಸರಿನ ಹಿಂದೆ ಪಾನ್, ಹೆಂಗಸರ ಹೆಸರಿನ ಹಿಂದೆ ಪಾನಿ ಎಂದು ಸೇರಿಸುತ್ತೇವೆ. ಅವನಿಗೆ ಅದೂ ಒಂದು ಹೆಮ್ಮೆಯೇ.

ಹೀಗೆ ಕೂಡಿಹಾಕಿದ ಪುಸ್ತಕಗಳು ಅವನ ಓದುವ ಯಂತ್ರದಲ್ಲಿ ತುಂಬಿ ತುಳುಕುತ್ತಿದ್ದವು. ಅದರಲ್ಲಿ ಓದಿದ್ದೆಷ್ಟು ಎಂದು ಮಾತ್ರ ಕೇಳಬಾರದು. ಕೊಳ್ಳುವುದಕ್ಕೇ ಪುರುಸೊತ್ತಿಲ್ಲದವನು ಓದುವುದು ಯಾವಾಗ?

ಆ ವೆಬ್‌ಸೈಟಿನಲ್ಲಿ ಪ್ರತಿ ಪುಸ್ತಕದ ಕೆಳಗೂ ಜನ ಮಾತಾಡಿಕೊಳ್ಳಲು ಜಾಗವಿತ್ತು. ಅಲ್ಲಿ ಝೆನೊನ್‌ನ ಹೆಸರು 'ಜೀರುಂಡೆ'. ಈಗ ಕೊಳ್ಳಲೋ ಕಾಯಲೋ ಎಂದು ಯಾರಾದರೂ ಕೇಳಿದರೆ ಜೀರುಂಡೆ ಬಂದು ತೀರ್ಪು ಕೊಡುತ್ತಿದ್ದ. ಇದು ಈಸ್ಟರ್ ಹೊತ್ತಿಗೆ ಅರ್ಧಕ್ಕೆ ಬರುತ್ತೆ, ಇದು ಇಳಿಯೋದೇ ಇಲ್ಲ, ಇದನ್ನ ಈಗಲೇ ತಗೊಳ್ಳಿ. ಅವನ ಮಾತು ತಪ್ಪಿದ್ದು ಕಡಿಮೆ. ಕ್ರಾಕೊವ್‌ನವರು, ಗ್ದಾನ್ಸ್ಕ್‌ನವರು, ಮುಖ ನೋಡದವರೆಲ್ಲ, 'ಜೀರುಂಡೆ ಏನನ್ನುತ್ತಾರೆ?' ಎಂದು ಕಾದು ಕೂರುತ್ತಿದ್ದರು. ಮೂವತ್ತು ವರ್ಷ ಉಗ್ರಾಣದಲ್ಲಿ ಬೇರಿಂಗು, ಬೋಲ್ಟು ಎಣಿಸಿದವನ ಮಾತಿಗೆ ಜೀವನದಲ್ಲಿ ಮೊದಲ ಸಲ ಜನ ಕಿವಿಗೊಟ್ಟಿದ್ದರು. ಅವನಿಗೆ ಕೋಡು ಮೂಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಹೆಸರು ಇಟ್ಟದ್ದು ಅವನ ಅಕ್ಕ ಲುದ್ವೀಕಾ. ತಾಯಿ ಚಪ್ಪಲಿ ಕಾರ್ಖಾನೆಯ ರಾತ್ರಿ ಪಾಳಿಗೆ ಹೋದರೆ, ಅವನಿಗೆ ಉಣಿಸಿ ಮಲಗಿಸುತ್ತಿದ್ದವಳು ಅವಳು. ಕಂಬಳಿಯೊಳಗೆ ಸೇರಿದ ಮೇಲೂ ಗುಂಯ್ ಎಂದು ಏನನ್ನೋ ಗುನುಗುತ್ತಲೇ ಇರುತ್ತಿದ್ದ ತಮ್ಮನಿಗೆ, "ಮುಚ್ಚೋ ಬಾಯಿ, ಜೀರುಂಡೆ" ಎನ್ನುತ್ತಿದ್ದಳು. ಹಾಗೆ ಕರೆಯುತ್ತಿದ್ದವರು ಪ್ರಪಂಚದಲ್ಲಿ ಬೇರೆ ಯಾರೂ ಇರಲಿಲ್ಲ.

ಅಕ್ಕ ಪಕ್ಕದ ಪ್ಯೋಂಕಿಯಲ್ಲಿ ಸೂಲಗಿತ್ತಿಯಾಗಿದ್ದವಳು. ಕಾಡಿನ ನಡುವಿನ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಹೆರಿಗೆ ಮಾಡಿಸಿದವಳು. ವಯಸ್ಸಾದ ಮೇಲೆ ಕೂತು ಅದನ್ನೆಲ್ಲ ಬರೆದಳು. 'ಹಿಮದಲ್ಲಿ ಸೈಕಲ್' ಎಂದು ಹೆಸರಿಟ್ಟಳು. ಒಬ್ಬ ಸಣ್ಣ ಪ್ರಕಾಶಕಿ ಒಪ್ಪಿಕೊಂಡಳು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಝೆನೆಕ್, ಬಂತು ಕಣೋ! ಎಲ್ಲಾ ಅಂಗಡೀಲೂ ಬಂದಿದೆ!"

"ಭಲೇ ಅಕ್ಕ! ಎಷ್ಟಿಟ್ಟಿದಾರೆ?"

"ನೋಡು ಇವನ್ನ! ಏನು ಬರ್ದಿದೀಯಾ ಅಂತ ಕೇಳೋದು ಬಿಟ್ಟು ಎಷ್ಟಿಟ್ಟಿದಾರೆ ಅಂತಾನೆ." ಅಕ್ಕ ನಕ್ಕಳು. "ಈಗ ಬರೀ ಇ-ಪುಸ್ತಕ. ಹೊಸ ವರ್ಷದೊಳಗೆ ಚೆನ್ನಾಗಿ ಹೋದ್ರೆ ಕಾಗದದ ಮೇಲೂ ಅಚ್ಚು ಹಾಕ್ತೀನಿ ಅಂದಿದಾಳೆ ಪ್ರಕಾಶಕಿ. ನಾನು ಹೆರಿಗೆ ಮಾಡಿಸಿದ ನನ್ನ ಹೆಂಗಸರಿಗೆಲ್ಲ ಈಗ ವಯಸ್ಸಾಗಿದೆ ಕಣೋ, ಈ ಯಂತ್ರ ಗಿಂತ್ರ ಹಿಡಿಯೋಕೆ ಬರಲ್ಲ. ಒಬ್ಬೊಬ್ರ ಮನೆಗೂ ಹೋಗಿ ಕೈಗೆ ಒಂದೊಂದು ಪುಸ್ತಕ ಇಡ್ಬೇಕು ಅಂತ ಆಸೆ. ಅವರ ಕಥೇನೇ ಅಲ್ವಾ ಅದು."

ಝೆನೊನ್ ಹೂಂ ಹೂಂ ಎನ್ನುತ್ತಿದ್ದ. ಕಿವಿ ಫೋನಿನಲ್ಲಿತ್ತು, ಕಣ್ಣು ಕಂಪ್ಯೂಟರಿನಲ್ಲಿತ್ತು. ಮೂವತ್ತನಾಲ್ಕು ಝ್ಲೋಟಿ, ಮೇಲೆ ತೊಂಬತ್ತು ಕಾಸು. ಎಲ್ಲ ಅಂಗಡಿಯಲ್ಲೂ ಒಂದೇ ಬೆಲೆ. ಹೊಸ ಪುಸ್ತಕಕ್ಕೆ ಮೊದಮೊದಲು ಹೀಗೇ, ಆಮೇಲೆ ಒಂದೊಂದಾಗಿ ಬಾಗುತ್ತವೆ.

ಫೋನಿಟ್ಟ ಮೇಲೆ ಅವನ ಬೆರಳು ಕೊಳ್ಳುವ ಗುಂಡಿಯವರೆಗೆ ಹೋದದ್ದು ನಿಜ. ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತೆ. ಆದರೆ ಅಲ್ಲಿಂದ ಹಿಂದೆ ಬಂತು. ಅಕ್ಕನ ಪುಸ್ತಕ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡ. ಬೇರೆ ಪುಸ್ತಕಗಳಿಗೆಲ್ಲ ಹಾಕುವ ಹಾಗೆ ಇದಕ್ಕೂ ಒಂಬತ್ತು ತೊಂಬತ್ತಕ್ಕೆ ಗುರುತು ಹಾಕಿದ.

ಸಂಜೆ ಹೆಂಡತಿ ಗ್ರಾಜಿನಾ ಸೂಪು ಬಡಿಸುತ್ತ ಕೇಳಿದಳು. "ಅಕ್ಕನ ಪುಸ್ತಕ ತಗೊಂಡ್ಯಾ?"

"ಹೂಂ."

"ಪೂರ್ತಿ ಬೆಲೆ ಕೊಟ್ಟು?"

"ಹೂಂ ಅಂದ್ನಲ್ಲ."

"ಒಳ್ಳೇದಾಯ್ತು. ಇಲ್ದಿದ್ರೆ ಈ ಸೂಪಿನ ಪಾತ್ರೆ ನಿನ್ನ ತಲೆ ಮೇಲೆ ಇರ್ತಿತ್ತು," ಎಂದು ಇನ್ನೊಂದು ಸೌಟು ಬಡಿಸಿದಳು. ಅವನು ತಲೆ ತಗ್ಗಿಸಿ ಕುಡಿದ.

ವಾರ ಕಳೆದ ಮೇಲೆ ಅಕ್ಕನ ಪುಸ್ತಕದ ಕೆಳಗೆ ಮಾತು ಶುರುವಾಯಿತು. ಮಾದರಿ ಪುಟಗಳನ್ನು ಓದಿದ ಯಾರೋ ಹೊಗಳಿದ್ದರು, ಇನ್ನು ಕೆಲವರಿಗೆ ಆಸೆ ಹುಟ್ಟಿತ್ತು. 'ಜೀರುಂಡೆ ಏನನ್ನುತ್ತಾರೆ? ಈಗಲೇ ತಗೊಳ್ಳೋದಾ?' ಎಂದು ಒಬ್ಬಳು ಕೇಳಿದಳು. ಝೆನೊನ್ ಸುಮ್ಮನಿರಬಹುದಿತ್ತು. ಒಂದು ದಿನ ಸುಮ್ಮನಿದ್ದ ಕೂಡ. ಅಷ್ಟರಲ್ಲಿ ಇನ್ನೊಬ್ಬ, 'ಜೀರುಂಡೆಗೆ ಈ ಸಲ ಲೆಕ್ಕ ಸಿಕ್ಕಿಲ್ಲ ಅನಿಸುತ್ತೆ' ಎಂದು ಚುಚ್ಚಿದ. ಅಷ್ಟು ಸಾಕಾಯಿತು ನಮ್ಮ ಯಜಮಾನನಿಗೆ. ತನ್ನ ಅಕ್ಕ ಎಂದು ಬೇರೆ ನ್ಯಾಯ ಹೇಳಿದರೆ ತನ್ನ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂದು ತನಗೇ ತಾನು ಸಮಜಾಯಿಷಿ ಹೇಳಿಕೊಂಡು ಬರೆದ: 'ಸಣ್ಣ ಪ್ರಕಾಶಕರು, ಹೆಸರಿಲ್ಲದ ಲೇಖಕಿ. ಆತುರ ಬೇಡ. ಕ್ರಿಸ್ಮಸ್ ಹೊತ್ತಿಗೆ ಒಂಬತ್ತು ತೊಂಬತ್ತಕ್ಕೆ ಬರುತ್ತೆ. ಕಾಯಿರಿ.'

ಹೆಸರಿಲ್ಲದ ಲೇಖಕಿ. ಬರೆಯುವಾಗ ಆ ಎರಡು ಪದ ಅವನ ಕೈಯನ್ನು ಸ್ವಲ್ಪವೂ ತಡೆಯಲಿಲ್ಲ. ಕೆಳಗೆ ಮೆಚ್ಚುಗೆಯ ಹೆಬ್ಬೆಟ್ಟುಗಳು ಸಾಲಾಗಿ ಬಿದ್ದವು. ಜನ ಕಾದರು.

ನವೆಂಬರ್ ಒಂದು ಎಂದರೆ ನಮ್ಮಲ್ಲಿ ಎಲ್ಲರೂ ಸತ್ತವರ ಸಮಾಧಿಗೆ ಹೋಗುವ ದಿನ. ಅಕ್ಕ ತಮ್ಮ ಇಬ್ಬರೂ ತಾಯಿಯ ಸಮಾಧಿಯ ಮುಂದೆ ನಿಂತು ದೀಪ ಹಚ್ಚುತ್ತಿದ್ದರು. ಸುತ್ತ ಇಡೀ ಸ್ಮಶಾನ ದೀಪಗಳಿಂದ ಮಿನುಗುತ್ತಿತ್ತು. ಅಕ್ಕ ಸೇವಂತಿಗೆ ಕುಂಡವನ್ನು ಅತ್ತಿತ್ತ ಸರಿಸುತ್ತ, ಕೇಳಲೋ ಬೇಡವೋ ಎಂಬಂತೆ ಕೇಳಿದಳು.

"ಓದಿದ್ಯೇನೋ?"

"ಓದ್ದೆ ಅಕ್ಕ. ಪೂರ್ತಿ ಓದ್ದೆ."

"ಹೇಗಿದೆ?"

ಏನಾದರೂ ಹೇಳಬೇಕಿತ್ತು. ಕಣ್ಣೆದುರಿಗೆ ಕಲ್ಲಿನ ಮೇಲೆ ತಾಯಿಯ ಹೆಸರಿತ್ತು. "ಅಮ್ಮನ ವಿಷಯ ಬರ್ದಿದೀಯಲ್ಲ, ಅದನ್ನ ಓದೋವಾಗ ಕಣ್ಣು ತುಂಬಿ ಬಂತು," ಎಂದ.

ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ, ನೆಟ್ಟಗೇ ಇದ್ದ ದೀಪವನ್ನು ಮತ್ತೊಮ್ಮೆ ನೆಟ್ಟಗೆ ಮಾಡಿದಳು. "ಹೌದಾ," ಎಂದಳು. ಅಷ್ಟೇ. ಝೆನೊನ್‌ಗೆ ಗಂಡಾಂತರ ಕಳೆಯಿತು ಅನಿಸಿತು.

ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಝೆನೊನ್‌ನ ಹೆಸರಿನ ಹಬ್ಬ. ನಮ್ಮಲ್ಲಿ ಅದಕ್ಕೆ ಯಾರನ್ನೂ ಕರೆಯುವುದಿಲ್ಲ. ಯಾವ ಹೆಸರು ಯಾವ ದಿನ ಎಂದು ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ, ಬರುವವರು ಬರುತ್ತಾರೆ, ಮನೆಯವರು ಬಡಿಸಲು ತಯಾರಿರಬೇಕು. ಗ್ರಾಜಿನಾ ಹಿಂದಿನ ದಿನದಿಂದಲೇ ತರಕಾರಿ ಹೆಚ್ಚಿ ಸಾಲಡ್ ಮಾಡಿದ್ದಳು, ಎಣ್ಣೆಯಲ್ಲಿ ನೆನೆಸಿದ ಹೆರಿಂಗ್ ಮೀನು ಇತ್ತು, ಚೀಸ್ ಕೇಕ್ ಇತ್ತು. ಮಧ್ಯಾಹ್ನಕ್ಕೆ ಅಕ್ಕ ಪ್ಯೋಂಕಿಯಿಂದ ಬಸ್ಸಿನಲ್ಲಿ ಬಂದಳು. ಕೆಳಗಿನ ಮನೆಯ ಹುಬರ್ಟ್, ಹಲ್ಲು ಕಿಸಿಯಲು ಕಾರಣವೇ ಬೇಡದ ಮನುಷ್ಯ, ಒಂದು ಬಾಟಲಿ ಹಿಡಿದು ಹತ್ತಿ ಬಂದ. ಇನ್ನೂ ಒಂದಿಬ್ಬರು ಡಿಪೋದ ಹಳಬರು.

ಎರಡು ಸುತ್ತು ಆದ ಮೇಲೆ ಹುಬರ್ಟ್ ಅಕ್ಕನ ಕಡೆ ತಿರುಗಿದ. "ಪಾನಿ ಲುದ್ವೀಕಾ, ಪುಸ್ತಕ ಬರ್ದಿದೀರಂತೆ. ನಿಮ್ಮ ತಮ್ಮನಿಗೆ ಒಂದು ಪುಸ್ತಕ ಮಾರಿದ್ರೆ ನೀವು ಗೆದ್ದ ಹಾಗೆ ನೋಡಿ."

"ಏನಂದ್ಕೊಂಡಿದೀರಿ ನಮ್ಮ ಝೆನೆಕ್‌ನ?" ಗ್ರಾಜಿನಾ ತಟ್ಟೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಮೊದಲನೇ ದಿನವೇ ತಗೊಂಡ. ಪೂರ್ತಿ ಬೆಲೆ ಕೊಟ್ಟು!"

"ಪೂರ್ತಿ ಬೆಲೆ! ಪಾನ್ ಝೆನೊನ್! ಜ್ವರ ಗಿರ ಇತ್ತಾ ಅವತ್ತು?" ಮೇಜಿನ ಸುತ್ತ ಎಲ್ಲರೂ ನಕ್ಕರು. "ಅಕ್ಕನ ಮೇಲಿನ ಪ್ರೀತಿಗೆ!" ಎಂದು ಹುಬರ್ಟ್ ಲೋಟ ಎತ್ತಿದ. ಎಲ್ಲರೂ ಎತ್ತಿದರು. ಝೆನೊನ್ ಕೂಡ ಎತ್ತಿದ.

ಆಗ ಹುಂಜ ಕೂಗಿತು.

ಫೋನು ಸಾಲಡ್ ಬೋಗುಣಿಯ ಪಕ್ಕ, ಹುಬರ್ಟ್‌ನ ಕೈಗೆ ಎಟುಕುವಲ್ಲೇ ಇತ್ತು. ಝೆನೊನ್ ಕೈ ಚಾಚುವಷ್ಟರಲ್ಲಿ ಅವನು ಎತ್ತಿಕೊಂಡಾಗಿತ್ತು. "ಮೊಟ್ಟೆ ಇಟ್ತು! ಏನು ಇಳೀತು ನೋಡೋಣ ಇರಿ," ಎಂದು ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಗಟ್ಟಿಯಾಗಿ ಓದಿದ. "'ಹಿಮದಲ್ಲಿ ಸೈಕಲ್'. ನೀವು ಕಾಯುತ್ತಿದ್ದ ಬೆಲೆಗೆ ಇಳಿದಿದೆ. ಒಂಬತ್ತು ಝ್ಲೋಟಿ ತೊಂ..."

ಮಾತು ಅಲ್ಲೇ ನಿಂತಿತು. ಹುಬರ್ಟ್‌ಗೂ ಗೊತ್ತಾಗುವಂಥ ವಿಷಯಗಳು ಕೆಲವು ಇರುತ್ತವೆ. ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಡಿಪೋದ ಹಳಬರು ತಟ್ಟೆಯಲ್ಲಿದ್ದ ಮೀನನ್ನು ಪರೀಕ್ಷೆ ಮಾಡತೊಡಗಿದರು. ಗ್ರಾಜಿನಾಳ ಮುಖ ಮೊದಲು ಬಿಳುಚಿ ಆಮೇಲೆ ಕೆಂಪೇರಿತು. ಝೆನೊನ್‌ನ ಲೋಟ ಇನ್ನೂ ಗಾಳಿಯಲ್ಲೇ ಇತ್ತು. ಇಳಿಸಿದರೆ ಒಪ್ಪಿಕೊಂಡಂತೆ, ಕುಡಿದರೆ ಅದಕ್ಕಿಂತ ಹೊಲಸು. ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಅನಿಸಿತು. ನಾಲ್ಕನೇ ಮಹಡಿಯಲ್ಲಿ ಆ ಅನುಕೂಲವೂ ಇರಲಿಲ್ಲ.

"ಓ, ಅದಾ!" ಅಕ್ಕನ ದನಿ ತೀರಾ ಮಾಮೂಲಾಗಿತ್ತು. "ನಾನೇ ಹೇಳಿದ್ದೆ ಅವನಿಗೆ. ಬೆಲೆ ಯಾವಾಗ ಇಳಿಸ್ತಾರೋ ನೋಡ್ಕೊಂಡಿರೋ, ನನ್ನ ಫೋನಲ್ಲಿ ಇದೆಲ್ಲ ಬರಲ್ಲ ಅಂತ. ಗ್ರಾಜಿನಾ, ಆ ಸಾಲಡ್ ಈ ಕಡೆ ಕೊಡಮ್ಮ. ಉಪ್ಪಿನ ಸೌತೆಕಾಯಿ ಈ ವರ್ಷ ಚೆನ್ನಾಗಿ ಹುಳಿ ಬಂದಿದೆ."

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. "ಅದಕ್ಕೇ ನಾನೂ ಅಂದ್ಕೊಂಡೆ," ಎಂದ ಹುಬರ್ಟ್, ಏನನ್ನೂ ಅಂದುಕೊಳ್ಳದೆ. ಮಾತು ಸೌತೆಕಾಯಿಗೆ ಹೋಯಿತು, ಅಲ್ಲಿಂದ ಕ್ರಿಸ್ಮಸ್ಸಿನ ಮೀನಿಗೆ ಹೋಯಿತು. ಗ್ರಾಜಿನಾ ಮಾತ್ರ ಗಂಡನ ಕಡೆ ಮತ್ತೆ ನೋಡಲಿಲ್ಲ. ಅವನ ತಟ್ಟೆಗೆ ಕೇಕ್ ಬಂತು. ಇಟ್ಟದ್ದಲ್ಲ, ಕುಕ್ಕಿದ್ದು.

ಕತ್ತಲಾದ ಮೇಲೆ ಝೆನೊನ್ ಅಕ್ಕನನ್ನು ಬಸ್ಸಿಗೆ ಹತ್ತಿಸಲು ಹೊರಟ. ಸಂಜೆಯ ಹಿಮ ಕಾಲಡಿ ಕರಕರ ಎನ್ನುತ್ತಿತ್ತು. ಅಕ್ಕ ಅವನ ತೋಳು ಹಿಡಿದುಕೊಂಡು ನಡೆದಳು. ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ.

"ಟೋಪಿ ಹಾಕ್ಕೋ. ಕಿವಿ ಕೆಂಪಾಗಿದೆ."

"ಅದು ಚಳಿಗಲ್ಲ ಅಕ್ಕ."

"ಗೊತ್ತು."

ಅವನು ಟೋಪಿ ಹಾಕಿಕೊಂಡ. ಅಕ್ಕ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳಿದಳು. "ಇವತ್ತೇ ಬೆಲೆ ಇಳಿಸಿ ಅಂತ ಪ್ರಕಾಶಕಿಗೆ ಹೇಳಿದ್ದು ನಾನೇ ಕಣೋ. ನಿನ್ನ ಹೆಸರಿನ ಹಬ್ಬಕ್ಕೆ. ಒಂಬತ್ತು ತೊಂಬತ್ತು ಆಗ್ದೆ ನೀನು ಮುಟ್ಟಲ್ಲ ಅಂತ ಗೊತ್ತಲ್ಲ. ಈಗಲಾದ್ರೂ ಓದ್ಲಿ ಅಂತ. ಆ ಹಾಳು ಹುಂಜ ಊಟದ ಹೊತ್ತಿಗೇ ಕೂಗುತ್ತೆ ಅಂತ ಹೊಳೀಲಿಲ್ಲ. ಎಲ್ಲರ ಮುಂದೆ ಹಾಗಾಗ್ಬಾರ್ದಿತ್ತು. ನನ್ನದೇ ತಪ್ಪು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. "ನಾನು ಓದಿಲ್ಲ ಅಂತ ಯಾವಾಗಿಂದ ಗೊತ್ತು?"

"ಸ್ಮಶಾನದಲ್ಲಿ. ಆ ಪುಸ್ತಕದಲ್ಲಿ ಅಮ್ಮನ ಬಗ್ಗೆ ಒಂದು ಸಾಲೂ ಇಲ್ಲ. ಬರೆಯೋಕೆ ಕೂತೆ, ನನ್ನ ಕೈಲಿ ಆಗ್ಲಿಲ್ಲ."

ಝೆನೊನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

"ಇನ್ನೊಂದು," ಎಂದಳು ಅಕ್ಕ. "ಅಕ್ಟೋಬರಲ್ಲಿ ಪ್ರಕಾಶಕಿ ಫೋನ್ ಮಾಡಿದ್ಲು. ಮೊದಲನೇ ವಾರ ಚೆನ್ನಾಗಿ ಹೋಗ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಡ್ತು, ಯಾರೋ ಜೀರುಂಡೆ ಅನ್ನೋರು ಕಾಯಿರಿ ಅಂತ ಬರ್ದಿದಾರೆ, ನಿಮಗೆ ಗೊತ್ತಿರೋರಾ ಅಂತ ಕೇಳಿದ್ಲು."

"ಏನಂದೆ?"

"ಗೊತ್ತಿಲ್ಲ ಅಂದೆ. ಇನ್ನೇನನ್ಲೋ?"

ದೂರದಲ್ಲಿ ಬಸ್ಸಿನ ದೀಪ ಕಂಡಿತು. "ಅಕ್ಕ, ಕಾಗದದ ಪುಸ್ತಕ?"

"ಇಲ್ಲ ಅಂದ್ಬಿಟ್ಲು. ಸಾಕಾಗುವಷ್ಟು ಹೋಗ್ಲಿಲ್ವಂತೆ. ಬೆಲೆ ಇಳಿಸೋಕೆ ಒಪ್ಪಿದ್ದೇ ಅದಕ್ಕೆ, ಇನ್ನೇನಾದ್ರೇನು ಅಂತ." ಅವಳು ಚೀಲವನ್ನು ಭುಜಕ್ಕೆ ಏರಿಸಿಕೊಂಡಳು. "ಮೊನ್ನೆ ನನ್ನ ಹೆಂಗಸರಲ್ಲಿ ಒಬ್ಳು ಹೋಗ್ಬಿಟ್ಲು. ಅವಳಿಗೆ ಎರಡು ಅಧ್ಯಾಯ ಬಾಯಲ್ಲೇ ಹೇಳಿದ್ದೆ. ಬಿಡು."

ಬಸ್ಸು ಬಂತು. ಅಕ್ಕ ಹತ್ತಿ, ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದಳು. "ನಿಧಾನಕ್ಕೆ ಓದು, ಆಯ್ತಾ?" ಎಂದಳು. ಬಾಗಿಲು ಮುಚ್ಚಿತು.

ಬಸ್ಸು ತಿರುವಿನಲ್ಲಿ ಮರೆಯಾದರೂ ಝೆನೊನ್ ಮನೆಗೆ ಹೊರಡಲಿಲ್ಲ. ನಿಲ್ದಾಣದ ತಣ್ಣನೆಯ ಬೆಂಚಿನ ಮೇಲೆ ಕೂತು ಫೋನು ತೆಗೆದ. ಪುಸ್ತಕದ ಕೆಳಗೆ ಆಗಲೇ ಗದ್ದಲವಿತ್ತು. 'ಜೀರುಂಡೆ ಹೇಳಿದ್ದ ಬೆಲೆಗೇ ಬಂತು!' 'ಕಾದದ್ದು ಸಾರ್ಥಕ, ಧನ್ಯವಾದ ಜೀರುಂಡೆ.' 'ನಮ್ಮ ಜೀರುಂಡೆಗೆ ಜೈ.' ಸಾಲು ಸಾಲು ಹೆಬ್ಬೆಟ್ಟು. ಇವರೆಲ್ಲ ಸೆಪ್ಟೆಂಬರಿನಲ್ಲೇ ಕೊಳ್ಳುವವರಿದ್ದರು. ಒಬ್ಬೊಬ್ಬರನ್ನೂ ತೋಳು ಹಿಡಿದು ಬಾಗಿಲಿನಿಂದ ಹಿಂದಕ್ಕೆ ಕಳಿಸಿದವನು ತಾನು.

ಬೆಲೆಗಳ ಪಟ್ಟಿಗೆ ಹೋದ. ಯಾವತ್ತೂ ಮೊದಲ ಸಾಲು ಬಿಟ್ಟು ಕೆಳಗೆ ನೋಡದವನು ಇವತ್ತು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದ. ಎಲ್ಲ ಅಂಗಡಿಗಳೂ ಒಂಬತ್ತು ತೊಂಬತ್ತಕ್ಕೆ ಬಂದಿದ್ದವು. ಕಟ್ಟಕಡೆಯಲ್ಲಿ ಒಂದು ಮಂಕು ಅಂಗಡಿ ಬೆಲೆ ಬದಲಿಸುವುದನ್ನು ಮರೆತು ಮೂವತ್ತನಾಲ್ಕು ತೊಂಬತ್ತನ್ನೇ ಇಟ್ಟುಕೊಂಡಿತ್ತು. ಕೈಗವಸು ತೆಗೆದು ಅಲ್ಲೇ ಕೊಂಡ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೊಂಡ.

ಪುಸ್ತಕ ತೆರೆದುಕೊಂಡಿತು. ನಮ್ಮಲ್ಲಿ ಇ-ಪುಸ್ತಕಕ್ಕೆ ಬೀಗ ಹಾಕುವುದಿಲ್ಲ, ಕೊಂಡವರ ಹೆಸರನ್ನು ಒಳಗೆ ಅಚ್ಚು ಹಾಕಿ ಕೊಡುತ್ತಾರೆ, ಕದ್ದು ಹಂಚಿದರೆ ಯಾರೆಂದು ಗೊತ್ತಾಗಲಿ ಎಂದು. 'ಈ ಪ್ರತಿ ಝೆನೊನ್ ಗಾವ್ಲಿಕ್ ಅವರಿಗೆ ಸೇರಿದ್ದು' ಎಂದಿತ್ತು ಮೊದಲ ಪುಟದಲ್ಲಿ. ಬೆರಳಿನಿಂದ ಪುಟ ಸರಿಸಿದ. ಎರಡನೆಯದರಲ್ಲಿ ಎರಡೇ ಸಾಲಿತ್ತು.

'ನನ್ನ ಜೀರುಂಡೆಗೆ. ಎಲ್ಲರಿಗಿಂತ ಮೊದಲು ಅವನು ಓದಲಿ.'

ಹಿಮ ಫೋನಿನ ಗಾಜಿನ ಮೇಲೆ ಬೀಳುತ್ತಿತ್ತು. ಅವನು ಹೆಬ್ಬೆರಳಿನಿಂದ ಒರೆಸಿ ಇನ್ನೊಮ್ಮೆ ಓದಿದ. ಈ ಪುಟ ಮಾದರಿ ಪುಟಗಳಲ್ಲೂ ಇದ್ದೇ ಇರುತ್ತದೆ. ಪ್ರತಿ ಅಂಗಡಿಯಲ್ಲೂ, ಮೊದಲ ದಿನದಿಂದಲೂ, ಬಿಟ್ಟಿಯಾಗಿ. ಒಂದು ಕಾಸೂ ಕೊಡಬೇಕಿರಲಿಲ್ಲ. ನಾಚಿಕೆಯಿಂದ ಅವನ ಮುಖ ಉರಿಯಿತು, ಕಣ್ಣಲ್ಲಿ ನೀರು ಬಂತು. ಈ ಸಲ ನಿಜವಾಗಿಯೇ ಬಂತು.

ಮರಗಟ್ಟಿದ ಬೆರಳುಗಳಿಂದ ಆ ಗದ್ದಲದ ಕೆಳಗೆ ಬರೆದ: 'ಜೀರುಂಡೆ ಎಂಬುವನು ರಾದೋಮಿನ ಝೆನೊನ್ ಗಾವ್ಲಿಕ್. ಈ ಲೇಖಕಿಯ ತಮ್ಮ. ಪುಸ್ತಕದ ಒಂದು ಪುಟವನ್ನೂ ನೋಡದೆ ನಿಮಗೆಲ್ಲ ಕಾಯಿರಿ ಎಂದೆ. ಅದರಿಂದ ಈ ಪುಸ್ತಕ ಕಾಗದದ ಮೇಲೆ ಬರದೆ ಹೋಯಿತು. ನನಗೆ ಧನ್ಯವಾದ ಹೇಳಬೇಡಿ.'

ಕಳಿಸಿ, ಫೋನನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕಾದ. ಜನ ಉಗಿಯಲಿ ಎಂದು ಕಾದ. ಉಗಿದರೆ ಸ್ವಲ್ಪ ಹಗುರಾಗುತ್ತದೆ ಅನಿಸಿತ್ತು.

ಬಹಳ ಹೊತ್ತೇನೂ ಆಗಲಿಲ್ಲ. ಗ್ದಾನ್ಸ್ಕ್‌ನ ಯಾರೋ ಉತ್ತರ ಬರೆದರು.

'ಅದಿರಲಿ ಜೀರುಂಡೆ. ಒಂಬತ್ತು ತೊಂಬತ್ತಕ್ಕಿಂತ ಇನ್ನೂ ಕೆಳಗೆ ಇಳಿಯುತ್ತಾ? ಕಾಯೋದಾ?'